ಅಂಕಮ್ಮ ಸರಿಸಿದ ಕಲ್ಲು

ನಮ್ಮ ಅತ್ತೆ ಅಂಕಮ್ಮ ಯಾರನ್ನೂ ನಂಬುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಸಾರಿಗೆ ಉಪ್ಪು ಹಾಕಿದ್ದೇನೆ ಅಂದರೂ ಸೌಟು ಎತ್ತಿ ರುಚಿ ನೋಡುತ್ತಿದ್ದರು. ಸೊಪ್ಪು ಮಾರಲು ಹೋದಾಗ ಯಾರಾದರೂ ಮೇಡಂ ಸೊಪ್ಪು ಚೆನ್ನಾಗಿದೆ ಅಂದರೆ, ಯಾಕೆ ಹೊಗಳಿದಳು ಇವಳು ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಕಾರಣ ಗೊತ್ತಾಯಿತು.

ಎಪ್ಪತ್ತರ ದಶಕದ ಶುರುವಿನಲ್ಲಿ ಒಬ್ಬ ಅಧಿಕಾರಿ ನಮ್ಮ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, "ಸುಮ್ನೆ ಅಳತೆ ಅಷ್ಟೇ ಕಣಮ್ಮ" ಎಂದು ರಾಗಿ ಹೊಲದ ಸುತ್ತ ಕಲ್ಲು ನೆಡಿಸಿ ಹೋದನಂತೆ. ಕಲ್ಲಿನ ಒಳಗಿದ್ದದ್ದೆಲ್ಲ ಸರ್ಕಾರದ ಪಾಲಾಗಿ ಲೇಔಟ್ ಆಯಿತು. ಅವತ್ತಿನಿಂದ ಅತ್ತೆಗೆ ಕಲ್ಲು ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು.

ನಮಗೆ ಉಳಿದದ್ದು ಬೇಗೂರು ದಾರಿಯ ಕೆರೆಯ ಅಂಚು ಮಾತ್ರ. ಮಳೆಗಾಲದಲ್ಲಿ ನೀರು ಅಲ್ಲಿಯವರೆಗೂ ಏರುತ್ತಿತ್ತು, ಆಗ ಆ ಜಾಗ ಕೆರೆಯದು. ನೀರು ಇಳಿದ ಮೇಲೆ ನಮ್ಮದು. ತಾತನ ಕಾಲದಿಂದ ಹಾಗೇ ನಡೆದುಕೊಂಡು ಬಂದಿತ್ತು. ಅಲ್ಲಿ ದಂಟು, ಕೊತ್ತಂಬರಿ ಬೆಳೆದು ಅತ್ತೆ ಜಯನಗರ ನಾಲ್ಕನೇ ಬ್ಲಾಕಿಗೆ ಬುಟ್ಟಿ ಹೊರುತ್ತಿದ್ದರು. ನಮ್ಮ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಎಂಬತ್ತಾರರಲ್ಲಿ ದೇವದಾಸ್ ಎಂಬ ಸರ್ವೇ ಅಧಿಕಾರಿ ಬಂದರು. ನೀರು ಏರುವ ಗುರುತಿನಲ್ಲಿ ಕಲ್ಲು ನೆಡಿಸಿದರು. ನಮ್ಮ ಸೊಪ್ಪಿನ ಮಡಿಗಳೆಲ್ಲ ಕಲ್ಲಿನ ಒಳಗೆ, ಕೆರೆಯ ಕಡೆಗೆ ಬಂದವು.

"ಕೆರೆಗಳನ್ನ ಮುಚ್ಚಿ ಮುಚ್ಚಿ ಬಾವಿಗಳೆಲ್ಲ ಒಣಗ್ತಿವೆ ಅಮ್ಮ. ಕಲ್ಲಿನ ಒಳಗೆ ಯಾರೂ ಮನೆ ಕಟ್ಟೋ ಹಾಗಿಲ್ಲ ಅಂತ ಆರ್ಡರ್ ಆಗಿದೆ. ನೀವು ಸೊಪ್ಪು ಬೆಳ್ಕೊಳ್ಳಿ, ಯಾರೂ ಕೇಳಲ್ಲ" ಎಂದರು.

ಅತ್ತೆ ತಲೆಯಾಡಿಸಿದರು. ಜೀಪು ಮರೆಯಾದ ಕೂಡಲೇ ನನ್ನ ಕಡೆ ತಿರುಗಿದರು. "ಹಿಂದಿನೋನೂ ಹಿಂಗೇ ನಯವಾಗಿ ಮಾತಾಡಿ ಕುತ್ತಿಗೆ ಕುಯ್ದ. ಕಲ್ಲಿನ ಒಳಗಿರೋದು ಅವ್ರದ್ದು, ಹೊರಗಿರೋದು ನಮ್ದು. ನಂಗೆ ಇವ್ನು ಹೇಳ್ಕೊಡ್ಬೇಕಾ?"

"ಬೇಡ ಕಣತ್ತೆ, ಈಯಪ್ಪ ಹಂಗೆ ಕಾಣಲ್ಲ" ಎಂದೆ.

"ನಿಂಗೇನು ಗೊತ್ತು, ಸುಮ್ನಿರು" ಎಂದು ನನ್ನ ಬಾಯಿ ಮುಚ್ಚಿಸಿದರು.

ಮಾರನೆಯ ಮಧ್ಯಾಹ್ನ ಊರು ಉಂಡು ಮಲಗಿದ್ದಾಗ ಹಾರೆ ಹಿಡಿದು ಹೋದರು. ನಮ್ಮ ಮಡಿಗಳ ಮೇಲ್ಗಡೆ ನೆಟ್ಟಿದ್ದ ಮೂರು ಕಲ್ಲನ್ನೂ ಮೀಟಿ, ಮಗುಚುತ್ತಾ ತಂದು, ಕೆಳಗೆ ನೀರಿನ ಹತ್ತಿರ ನೆಟ್ಟರು. ಹಳೆಯ ಗುಂಡಿಗಳನ್ನು ಮುಚ್ಚಿ ಮೆಂತ್ಯ ಚೆಲ್ಲಿದರು. ಅವತ್ತು ಮನೆಗೆ ಬಂದು ನಗುನಗುತ್ತಾ ಉಂಡರು.

ಮುಂದಿನ ಬೇಸಿಗೆಯಲ್ಲಿ ಲೇಔಟಿನ ಇಂಜಿನಿಯರ್ ಉಗ್ರಪ್ಪ ಬಂದ. ಕೆರೆಯ ಕಲ್ಲಿನವರೆಗೂ ಸೈಟು ಎಂದು ಸುಣ್ಣದ ಗೆರೆ ಎಳೆಸಿದ. ಕಲ್ಲಿನ ಹೊರಗೆ ಬಿದ್ದಿದ್ದ ನಮ್ಮ ಮಡಿಗಳೆಲ್ಲ ಸೈಟಿನೊಳಗೆ ಹೋದವು. ಅತ್ತೆಯ ಮುಖ ಬಿಳಿಚಿಕೊಂಡಿತು. ದೇವದಾಸ್ ಅವರನ್ನು ಹುಡುಕಿಕೊಂಡು ಆಫೀಸಿಗೆ ಹೋದೆವು. ಅವರಿಗೆ ರಾಯಚೂರಿಗೆ ವರ್ಗವಾಗಿತ್ತು.

ಕೊನೆಗೆ ಉಗ್ರಪ್ಪನ ಮುಂದೆಯೇ ನಿಂತು ಅತ್ತೆ ಹೇಳಿದರು. "ಸಾರ್, ಕೆರೆ ಆ ಮೇಲಿನಗಂಟ ಐತೆ. ಕಲ್ಲೂ ಅಲ್ಲೇ ಇತ್ತು. ನಾನೇ ಕಿತ್ತು ಕೆಳಗಿಟ್ಟೆ."

ಅವನು ಸಿಗರೇಟಿನ ಬೂದಿ ಕೊಡವಿದ. "ಜಾಗ ಉಳಿಸ್ಕೊಳ್ಳೋಕೆ ಎಲ್ರೂ ಒಂದೊಂದು ಕಥೆ ಹೇಳ್ತಾರೆ ಅಜ್ಜಿ. ಈ ಕಲ್ಲು ನೀನು ಎತ್ತಿದ್ಯಾ? ಯಾರು ಹೇಳ್ಕೊಟ್ರು ನಿಂಗೆ, ಯಾವ ಪಾರ್ಟಿಯೋರು?"

ಅಧಿಕಾರಿಗಳ ಹತ್ತಿರ ಬಾಯಿಯನ್ನೇ ಬಿಡದ ನಮ್ಮತ್ತೆ ಅವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಅವನು ನಂಬಲಿಲ್ಲ.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾರೆ ತಂದರು. ಎಲ್ಲರೂ ನೋಡುತ್ತಿದ್ದಂತೆಯೇ ಒಂದು ಕಲ್ಲನ್ನು ಮೀಟಿ, ಏದುಸಿರು ಬಿಡುತ್ತಾ ಮೇಲಕ್ಕೆ ಮಗುಚಿಕೊಂಡು ಹೋಗಿ ಹಳೆಯ ಜಾಗದಲ್ಲಿ ನಿಲ್ಲಿಸಿದರು.

"ಈಗ ನಂಬ್ತೀರಾ ಸಾರ್?"

"ನಂಬಿದೆ" ಎಂದ ಉಗ್ರಪ್ಪ. "ಸರ್ಕಾರದ ಕಲ್ಲು ಕೀಳೋ ಕೈ ಯಾವ್ದು ಅಂತ ಗೊತ್ತಾಯ್ತು. ಇನ್ನೊಂದ್ಸಲ ಮುಟ್ಟಿದ್ರೆ ಸ್ಟೇಷನ್ನಿಗೆ ಕಳಿಸ್ತೀನಿ."

ಅವನ ಆಳುಗಳು ಕಲ್ಲನ್ನು ಮತ್ತೆ ಕೆಳಕ್ಕೆ ತಂದು ನೆಟ್ಟರು. ಈ ಸಲ ಬುಡಕ್ಕೆ ಸಿಮೆಂಟ್ ಹಾಕಿದರು. ಸಿಮೆಂಟ್ ಗಟ್ಟಿಯಾಗಲೆಂದು ಕೆರೆಯಿಂದಲೇ ನೀರು ಮೊಗೆದು ಹೊಯ್ದರು. ಅತ್ತೆ ಅಲ್ಲೇ ಕುಸಿದು ಕೂತು, ಅಷ್ಟು ಜನರ ಎದುರಿಗೇ ಗೊಳೋ ಎಂದು ಅತ್ತರು.

"ಆ ದೇವದಾಸಪ್ಪ ನಿಜಾನೇ ಹೇಳಿದ್ದ ಕಣೇ" ಎಂದರು.

ಅವರ ಕೈ ಹಿಡಿದು ಎಬ್ಬಿಸಿ ಮನೆಗೆ ಕರೆದುಕೊಂಡು ಬಂದೆ.