ಬಾವಲಿಗೆ ಬಿಸಿ ಹಾಲು

ಸತ್ತಿದೆಯೋ ಬದುಕಿದೆಯೋ ಅಂತ ನೋಡಿ ಹೇಳುವುದು ಸುಲಭ ಅಂದುಕೊಂಡಿದ್ದೆ. ಹೋದ ವಾರದವರೆಗೆ.

ಧನುರ್ಮಾಸದ ಬೆಳಗ್ಗೆ. ವಿದ್ಯಾರಣ್ಯಪುರಂನ ನಮ್ಮ ಮನೆಯ ಬಾಲ್ಕನಿಯಲ್ಲಿ ಸುತ್ತಿ ಕಟ್ಟಿದ್ದ ಬಿದಿರಿನ ಪರದೆಯನ್ನು ಧೂಳು ಹೊಡೆಯಲೆಂದು ಇಳಿಸಿದೆ. ಒಳಗಿನಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಒಣಗಿದ ಹುಣಸೆಹಣ್ಣಿನ ಚೂರು ಇರಬೇಕು ಅಂತ ಬಗ್ಗಿದರೆ, ಅದಕ್ಕೆ ಕಿವಿ ಇತ್ತು. ಬಾವಲಿ. ನನ್ನ ಹೆಬ್ಬೆರಳಿನಷ್ಟು. (ಇಷ್ಟು ಸಣ್ಣ ಬಾವಲಿ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.)

ಬಟ್ಟೆಯಲ್ಲಿ ಎತ್ತಿಕೊಂಡೆ. ಬಟ್ಟೆಯೊಳಗಿಂದಲೂ ತಣ್ಣಗೆ ತಾಗಿತು. ಉಸಿರು ಕಾಣಲಿಲ್ಲ. ಹೋಗಿದೆ ಅಂದೆ.

ಹೆಂಡತಿ ಜಯಾ ಒಪ್ಪಲಿಲ್ಲ. ಕಾಲು ಅಲ್ಲಾಡಿತು ಅಂದಳು. ನಾನು ನೋಡಿರಲಿಲ್ಲ. ಅಷ್ಟರಲ್ಲಿ ಅವಳು ಹಾಲು ಬಿಸಿಗಿಟ್ಟು, ದೀಪದ ಬತ್ತಿಯೊಂದನ್ನು ತಂದಾಗಿತ್ತು. ನಮ್ಮ ಮನೆಗೆ ಬಂದವರು ಬರಿಹೊಟ್ಟೆಯಲ್ಲಿ ಹೋಗುವಂತಿಲ್ಲ. ಗ್ಯಾಸ್ ಸ್ಟವ್ ರಿಪೇರಿಗೆ ಬಂದವರೂ ಉಪ್ಪಿಟ್ಟು ತಿಂದೇ ಹೋಗಬೇಕು. ಬಾವಲಿಯನ್ನು ಬಿಡುತ್ತಾಳೆಯೇ? ಬಿಸಿನೀರಿನ ಬ್ಯಾಗಿನ ಮೇಲೆ ಅದನ್ನು ಬಟ್ಟೆ ಸಮೇತ ಇಟ್ಟು, ಹಾಲಲ್ಲಿ ಅದ್ದಿದ ಬತ್ತಿಯನ್ನು ಬಾಯಿಗೆ ಹಿಡಿದಳು.

ಅದು ನಡುಗತೊಡಗಿತು. ಪಾಪ, ಚಳಿ ಅಂದಳು ಜಯಾ. ನನಗೆ ಗಾಬರಿಯಾಯಿತು. ಪಶುವೈದ್ಯನಾಗಿರುವ ಹಳೇ ಗೆಳೆಯನಿಗೆ ಫೋನ್ ಮಾಡಿದೆ.

ಪೂರ್ತಿ ಕೇಳಿಸಿಕೊಂಡ ಅವನು, "ಎಬ್ಬಿಸಿಬುಟ್ರಾ?" ಅಂದ.

ಆಮೇಲೆ ಬಿಡಿಸಿ ಹೇಳಿದ. ಚಳಿಗೆ ಹುಳ ಕಡಿಮೆ. ಹುಳ ತಿಂದೇ ಬದುಕುವ ಅಷ್ಟು ಸಣ್ಣ ಮೈಯನ್ನು ಸದಾ ಬೆಚ್ಚಗಿಟ್ಟುಕೊಳ್ಳುವುದು ದುಬಾರಿ. ಅದಕ್ಕೇ ಅದು ಒಳಗಿನ ಉರಿಯನ್ನು ಸಣ್ಣ ಮಾಡಿಕೊಳ್ಳುತ್ತದೆ. ಮೈ ಹೊರಗಿನ ಗಾಳಿಯಷ್ಟೇ ತಣ್ಣಗಾಗುತ್ತದೆ. ಎದೆಬಡಿತ, ಉಸಿರು, ಎರಡೂ ಇಳಿಯುತ್ತವೆ. ಮತ್ತೆ ಏಳಬೇಕಾದರೆ ನಡುಗಿಯೇ ಮೈ ಕಾಯಿಸಿಕೊಳ್ಳಬೇಕು. ಆ ನಡುಕಕ್ಕೆ ಕೂಡಿಟ್ಟ ಕೊಬ್ಬು ಕರಗುತ್ತದೆ. ಸುಮ್ಮಸುಮ್ಮನೆ ಎಬ್ಬಿಸುತ್ತಿದ್ದರೆ ಹಸಿದು ಸಾಯಬಹುದು. ಹಾಲು ಬೇಡ, ಬರಿಗೈಯಲ್ಲಿ ಮುಟ್ಟಬೇಡಿ, ಇದ್ದಲ್ಲೇ ಬಿಡಿ ಅಂದ.

ಹಾಗಾದರೆ ಬದುಕುತ್ತಾ ಅಂತ ಕೇಳಿದೆ.

"ನೋಡಿ ಹೇಳೋಕಾಗಲ್ಲ ಕಣಯ್ಯ. ಕಾಯಿಲೆ ಬಿದ್ದಿದ್ದೂ ಹಿಂಗೇ ಕಾಣುತ್ತೆ."

ಇಲ್ಲಿ ಮಂಜುವಿನ ವಿಷಯ ಹೇಳಬೇಕು. ಜಯಾಳ ತಮ್ಮ. ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿದ್ದ. ದಸರಾ ಆದಮೇಲೆ ಅವನಿದ್ದ ಸೆಕ್ಷನ್ನೇ ಮುಚ್ಚಿತು. ಒಂದು ಬ್ಯಾಗ್ ಹಿಡಿದು ನಮ್ಮಲ್ಲಿಗೆ ಬಂದ. ಅಂದಿನಿಂದ ಮಾತು ಕಡಿಮೆ, ಊಟ ಕಡಿಮೆ, ಮಲಗುವುದೇ ಹೆಚ್ಚು. ನಾವು ಸರದಿಯ ಮೇಲೆ ಎಬ್ಬಿಸುತ್ತೇವೆ. ಬೆಳಗ್ಗೆ ಜಯಾ ಕಾಫಿ ಹಿಡಿದು ಬಾಗಿಲು ತಟ್ಟುತ್ತಾಳೆ. ಆಮೇಲೆ ನಾನು ಪೇಪರಿನ ಜಾಹೀರಾತು ಹಿಡಿದು ತಟ್ಟುತ್ತೇನೆ. ಸಂಜೆ ಮೇಲಿನ ಮನೆಯವರು ವಾಕಿಂಗಿಗೆ ಕರೆಯುತ್ತಾರೆ. ಎಲ್ಲ ಪ್ರೀತಿಯಿಂದಲೇ. ನಮ್ಮ ಮನೆಗಳಲ್ಲಿ ಸುಮ್ಮನೆ ಕೂತವರನ್ನು ಯಾರಾದರೂ ಸುಮ್ಮನೆ ಬಿಟ್ಟದ್ದುಂಟೇ?

ಫೋನಿಟ್ಟು ತಿರುಗಿದರೆ ಮಂಜು ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದ.

"ಅಕ್ಕ, ಹಾಲು ಸಾಕು. ಬುಟ್ಬುಡು ಅದನ್ನ."

ಜಯಾ ತಿರುಗಿಯೂ ನೋಡಲಿಲ್ಲ. "ಉಪವಾಸ ಬಿದ್ದಿರೋಕೆ ಈ ಮನೇಲಿ ನೀನೊಬ್ಬ ಸಾಲ್ದಾ? ಇದೂ ಬೇಕಾ ನಂಗೆ?"

ಆಡಿದ ಮೇಲೆ ಅವಳ ಕೈ ನಿಂತಿತು. ನಾನು ಬಟ್ಟೆಯನ್ನೇ ನೋಡುತ್ತಿದ್ದೆ. ಮಂಜು ಬಂದು ಬಾವಲಿಯನ್ನು ಬಟ್ಟೆ ಸಮೇತ ಎತ್ತಿಕೊಂಡ. ಪರದೆಯನ್ನು ಮತ್ತೆ ಸುತ್ತಿ ಕಟ್ಟಿದ. ಅದರ ಮಡಿಕೆಗೆ ಬಟ್ಟೆಯಿಂದಲೇ ಬಾವಲಿಯನ್ನು ಜಾರಿಸಿದ. ಕುರ್ಚಿ ಎಳೆದು ಅಲ್ಲೇ ಕೂತ.

ಮಧ್ಯಾಹ್ನವಾದರೂ ಮಂಜು ಕುರ್ಚಿಯಿಂದ ಎದ್ದಿರಲಿಲ್ಲ. ಊಟಕ್ಕೆ ಕರೆಯಬೇಕೋ ಬಾರದೋ ತಿಳಿಯಲಿಲ್ಲ. ಜಯಾ ಬಾಗಿಲವರೆಗೆ ಹೋಗುವುದು, ವಾಪಸ್ ಬರುವುದು. ಕೊನೆಗೆ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಏನೂ ಹೇಳದೆ ಬಂದಳು. (ಏನೂ ಹೇಳದೆ! ನನ್ನ ಹೆಂಡತಿಯನ್ನು ಬಲ್ಲವರಿಗೆ ಇದೆಷ್ಟು ಕಷ್ಟವೆಂದು ಗೊತ್ತಾಗುತ್ತದೆ.)

ದೀಪ ಹಚ್ಚುವ ಹೊತ್ತಿಗೆ ಹೋಗಿ ನೋಡಿದೆ. ಪರದೆಯ ಮಡಿಕೆ ಖಾಲಿ. ಬೆಕ್ಕೇನಾದರೂ ಬಂದಿತ್ತಾ ಎಂದೆ.

"ಇಲ್ಲ ಭಾವ, ಹೋಯ್ತು. ಮೊದ್ಲು ನಡುಗ್ತು. ತುಂಬಾ ಹೊತ್ತು. ಬಿದ್ದೇ ಹೋಗುತ್ತೇನೋ ಅಂದ್ಕೊಂಡೆ. ಆಮೇಲೆ ಹಾರ್ತು."

ಅವನು ನಮ್ಮ ಮನೆಗೆ ಬಂದ ಮೇಲೆ ಒಟ್ಟಿಗೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಹಾರಿದ್ದನ್ನು ನಾನು ನೋಡಿಲ್ಲ. ತಟ್ಟೆಯೂ ಅರ್ಧ ಖಾಲಿಯಾಗಿತ್ತು. ಅವನು ತಿಂದನೋ, ದಿನಾ ಬಾಲ್ಕನಿಯ ಕಂಬಿಯ ಮೇಲೆ ಬಂದು ಕೂರುವ ಕಾಗೆಗಳು ತಿಂದವೋ, ಅದನ್ನೂ ನೋಡಿಲ್ಲ.

ಒಂದು ವಾರದಿಂದ ನಾವು ಬಾಗಿಲು ತಟ್ಟಿಲ್ಲ. ಒಂದು ದಿನ ಮಂಜು ತಾನಾಗಿ ಎದ್ದು ಬಂದು ಗಿಡಗಳಿಗೆ ನೀರು ಹಾಕಿದ. ಮರುದಿನ ಕೋಣೆಯಿಂದ ಹೊರಗೇ ಬರಲಿಲ್ಲ. ನಿನ್ನೆ ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ, ಈ ಸಲ ಬಾವಲಿ ವಿಷಯಕ್ಕಲ್ಲ. ಅವನು ನಗಲಿಲ್ಲ. ತಾನು ಮನುಷ್ಯರ ಡಾಕ್ಟರಲ್ಲ, ಅಂಥ ಡಾಕ್ಟರನ್ನೇ ಕೇಳು, ತಡ ಮಾಡಬೇಡ ಅಂದ. ಕೇಳಬೇಕು. ಆದರೆ ಮೊದಲು ಮಂಜುವನ್ನು ಕೇಳಬೇಕಲ್ಲ? ಕೇಳಬೇಕಾದರೆ ಎಬ್ಬಿಸಬೇಕಲ್ಲ?

ಇದನ್ನು ಬರೆಯುತ್ತಿರುವಾಗ ಜಯಾ ಕಾಫಿ ಲೋಟ ಹಿಡಿದು ಅವನ ಬಾಗಿಲ ಮುಂದೆ ನಿಂತಿದ್ದಾಳೆ. ಇನ್ನೊಂದು ಕೈ ಎತ್ತಿದ್ದಾಳೆ, ತಟ್ಟಿಲ್ಲ. ನನ್ನ ಕಡೆ ನೋಡುತ್ತಿದ್ದಾಳೆ.

ಕಾಫಿ ಆರುತ್ತಿದೆ. ನೀವಾಗಿದ್ದರೆ ತಟ್ಟುತ್ತಿದ್ದಿರಾ?