ಅರ್ಧ ಮಾತ್ರೆಯ ಚೌಕಾಸಿ

ಅಮ್ಮನ ಬಾಯಿ ಮೊದಲ ಸಲ ಸೊಟ್ಟಗಾದಾಗ ನಾನು ಅಲ್ಲಿರಲಿಲ್ಲ. ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಗಿರಾಕಿಯೊಬ್ಬಳಿಗೆ ಬಂಗುಡೆ ಎತ್ತಿ ತೋರಿಸುತ್ತಿದ್ದಾಗ ಅವಳ ಬಲಗೈಯಿಂದ ಮೀನು ಜಾರಿತು. ದರ ಹೇಳಬೇಕಾದ ಬಾಯಿಂದ ಬರೀ ತೊದಲು ಬಂತು. ಗಿರಾಕಿ ತಮಾಷೆಯೆಂದು ನಕ್ಕಳಂತೆ. ಪಕ್ಕದ ಬುಟ್ಟಿಯವಳು ಮುಖಕ್ಕೆ ನೀರು ಚಿಮುಕಿಸಿ, ಬಿಸಿಲಿಗೆ ಹೀಗಾಗುವುದು ಉಂಟು ಎಂದು ನೆರಳಿಗೆ ಕೂರಿಸಿದಳಂತೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಯಾಯಿತು. ಅಮ್ಮ ಎದ್ದು, ಅದೇ ಗಿರಾಕಿಗೆ ಅದೇ ಬಂಗುಡೆಯನ್ನು ತಾನು ಅಂದುಕೊಂಡಿದ್ದ ದರಕ್ಕೇ ಮಾರಿ, ಮನೆಗೆ ಬಂದು ಉಂಡು ಮಲಗಿದಳು. ಸಂಜೆ ನನಗೆ ಇದನ್ನು ಹೇಳಿದವಳು ಪಕ್ಕದ ಬುಟ್ಟಿಯವಳು, ಅಮ್ಮನಲ್ಲ. ಕೂಡಲೇ ಆಸ್ಪತ್ರೆಗೆ ಹೊರಡೋಣವೆಂದೆ. ಅಮ್ಮ ಬಾಗಿಲ ಚಿಲಕ ಹಾಕಿಕೊಂಡಳು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಈಗ ಉಡುಪಿಯಲ್ಲಿ ವಕೀಲರೊಬ್ಬರ ಕೈಕೆಳಗೆ ಕೆಲಸ. ಸಾಕ್ಷಿಯಿಲ್ಲದ ಮಾತನ್ನು ಒಪ್ಪದಿರುವುದು ನನ್ನ ಅಭ್ಯಾಸ. ಈ ಕಾಯಿಲೆಯಾದರೋ ಸಾಕ್ಷಿಯನ್ನು ಒರೆಸಿಕೊಂಡು ಹೋಗುತ್ತದೆ. ಮರುದಿನ ಮಣಿಪಾಲದ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅಮ್ಮ ಎರಡೂ ಕೈ ಚಾಚಿ ತೋರಿಸಿದಳು.

"ಎಂತ ಆಗಿದೆ ನನಗೆ? ಕೈ ಉಂಟು, ಬಾಯಿ ಉಂಟು. ಪ್ರೂಫ್ ಎಲ್ಲಿ ಉಂಟು, ಮಾರಾಯ್ತಿ?"

ಪ್ರೂಫ್ ಎಂಬ ಪದವನ್ನು ಅವಳು ನನ್ನಿಂದಲೇ ಕಲಿತದ್ದು.

ವೈದ್ಯೆ ಸಮಾಧಾನದಿಂದ ವಿವರಿಸಿದರು. ಮೆದುಳಿಗೆ ಹೋಗುವ ನಾಳದಲ್ಲಿ ರಕ್ತದ ಸಣ್ಣ ಗಂಟೊಂದು ಕ್ಷಣಕಾಲ ಸಿಕ್ಕಿಕೊಂಡು ಮತ್ತೆ ಕರಗಿದೆ. ಸರಿಯಾಯಿತಲ್ಲ ಎಂದು ಬಿಡುವ ಹಾಗಿಲ್ಲ. ಹೀಗಾದವರಿಗೆ ಮುಂದಿನ ದಿನಗಳಲ್ಲೇ ದೊಡ್ಡದು ಬಡಿಯುವ ಅಪಾಯ ಹೆಚ್ಚು. ಬಿಪಿಗೆ ಒಂದು ಮಾತ್ರೆ, ರಕ್ತ ಗಂಟಾಗದಂತೆ ಒಂದು, ಕೊಬ್ಬಿಗೆ ಒಂದು. ಉಪ್ಪು ಕಡಿಮೆ, ಹೊಗೆಸೊಪ್ಪು ಬಂದ್. ಮತ್ತೆ ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ, ಅದು ತಾನಾಗಿ ಹೋದರೂ ಸರಿ, ಕಾಯದೆ ಬರಬೇಕು. ಅಮ್ಮ ಅಷ್ಟಕ್ಕೂ ತಲೆಯಾಡಿಸಿದಳು. ಅವಳು ಅಷ್ಟು ಬೇಗ ಒಪ್ಪಿದ್ದು ನನಗೆ ಆಗಲೇ ವಿಚಿತ್ರವಾಗಿ ಕಾಣಬೇಕಿತ್ತು.

ಅಮ್ಮನ ಮದ್ದು ತಪ್ಪಿಸುವವರು ಯಾರಿರಬಹುದೆಂಬ ನನ್ನ ಅನುಮಾನವೆಲ್ಲ ಚಿಕ್ಕಮ್ಮನ ಕಡೆಗಿತ್ತು. ಅಮ್ಮನ ತಂಗಿ, ಕಾರ್ಕಳದ ಕಡೆ ಅಜೆಕಾರಿನಲ್ಲಿ ಇರುವವಳು, ಸುದ್ದಿ ತಿಳಿದದ್ದೇ ಒಂದು ಬಾಟಲಿ ಎಣ್ಣೆ ಮತ್ತು ಮಂತ್ರಿಸಿದ ನೂಲು ಹಿಡಿದು ಬಂದಳು. ಇದು ವಾಯು, ಇಂಗ್ಲಿಷ್ ಮದ್ದಿಗೆ ಬಗ್ಗುವುದಿಲ್ಲ ಎಂದಳು. ನಾನು ಒಂದು ಮಧ್ಯಾಹ್ನವಿಡೀ ಅವಳನ್ನು ಪ್ರಶ್ನೆಗಳಿಂದ ಕುಕ್ಕಿದೆ. ಕೊನೆಗೆ ಅವಳು, ನಿನ್ನನ್ನು ಓದಿಸಿದ್ದೇ ತಪ್ಪಾಯಿತು ಎಂದು ಎಣ್ಣೆಯನ್ನು ವಾಪಸು ಚೀಲಕ್ಕೆ ಹಾಕಿಕೊಂಡಳು. ಗೆದ್ದೆ ಅಂದುಕೊಂಡೆ. ಅಮ್ಮ ಮೂಲೆಯಲ್ಲಿ ಕೂತು ಬೂತಾಯಿ ಮೀನುಗಳ ತಲೆ ತೆಗೆಯುತ್ತಿದ್ದಳು.

ಮಳೆಗಾಲ ಬಂತು. ದೋಣಿಗಳು ದಡ ಸೇರಿದವು, ಅಮ್ಮ ಒಣಮೀನು ಇಟ್ಟುಕೊಂಡು ಕೂರತೊಡಗಿದಳು. ಹೊಗೆಸೊಪ್ಪನ್ನು ಅವಳು ನಿಜವಾಗಿಯೂ ಬಿಟ್ಟಿದ್ದಳು. ಗಂಜಿಗೆ ಒಣಮೀನು ಬೇಡವೆಂದು ನಾನು ಹೇಳಿದಾಗ ಮುಖ ಗಂಟಿಕ್ಕಿದರೂ ತಟ್ಟೆಯಿಂದ ಸರಿಸುತ್ತಿದ್ದಳು. ಮಾತ್ರೆಯ ಹಾಳೆಗಳೂ ಖಾಲಿಯಾಗುತ್ತಿದ್ದವು. ನಾನು ನೋಡುತ್ತಿದ್ದದ್ದು ಖಾಲಿ ಹಾಳೆಯನ್ನು ಮಾತ್ರ.

ಒಂದು ಸಂಜೆ ಚಹಾದ ಲೋಟ ಅವಳ ಕೈಯಿಂದ ಬಿತ್ತು. ಎಂತಾಯಿತೆಂದು ಕೇಳಿದರೆ ಉತ್ತರವಾಗಿ ಬಂದ ಶಬ್ದಕ್ಕೆ ಯಾವ ಭಾಷೆಯೂ ಇರಲಿಲ್ಲ. ಬಾಯಿಯ ಒಂದು ತುದಿ ಕೆಳಗೆ ಎಳೆದಿತ್ತು. ಅವಳ ಕಣ್ಣು ಮಾತ್ರ ಪೂರ್ತಿ ಎಚ್ಚರವಾಗಿತ್ತು. ತನ್ನ ಬಾಯಿಂದ ಬರುತ್ತಿರುವುದನ್ನು ಅವಳೂ ಕೇಳಿಸಿಕೊಳ್ಳುತ್ತಿದ್ದಳು. ನೆರೆಮನೆಯವರ ಕಾರಿನಲ್ಲಿ ಹೊರಟೆವು. ಉಡುಪಿ ದಾಟುವಷ್ಟರಲ್ಲಿ ಮಾತು ಮರಳಿತು. ಅವಳ ಮೊದಲ ಮಾತು, ಗಾಡಿ ತಿರುಗಿಸು ಎಂಬುದು. ನಾನು ತಿರುಗಿಸಲು ಬಿಡಲಿಲ್ಲ.

ಈ ಸಲ ಸ್ಕ್ಯಾನಿನಲ್ಲಿ ಸಾಕ್ಷಿ ಇತ್ತು, ಚಿಕ್ಕದೊಂದು ಕಲೆ. ಮೆದುಳಿನ ಅಷ್ಟು ಜಾಗ ಸತ್ತಿದೆ, ಅದು ಮತ್ತೆ ಬರುವುದಿಲ್ಲ ಎಂದರು ವೈದ್ಯೆ. ಬಿಪಿಯಾದರೋ ಮಾತ್ರೆ ತೆಗೆದುಕೊಳ್ಳುವವರ ಬಿಪಿಯಂತೆ ಇಲ್ಲ ಎಂದು ಅಮ್ಮನ ಮುಖ ನೋಡಿದರು. ಅಮ್ಮ ಕಿಟಕಿಯ ಕಡೆ ನೋಡಿದಳು.

ಆಸ್ಪತ್ರೆಯಿಂದ ಬಿಟ್ಟು ಮನೆಗೆ ಬಂದ ಮೇಲೆ ಹುಡುಕಿದೆ. ಹಿಂದೆ ಎಲೆ ಅಡಿಕೆ ಇಡುತ್ತಿದ್ದ ಡಬ್ಬಿಯಲ್ಲಿ ಅರ್ಧ ಮಾತ್ರೆಗಳ ರಾಶಿ ಇತ್ತು, ಬಿಳಿಯವು, ಹಳದಿಯವು. ಕೆಲವಕ್ಕೆ ಮೀನಿನ ಕತ್ತಿಯ ವಾಸನೆ. ನಾನು ಕೂಗಾಡಿದೆನೆಂದು ಕಾಣುತ್ತದೆ. ಅವಳು ಕೂಗಲಿಲ್ಲ.

"ನಿನ್ನ ಡಾಕ್ಟ್ರು ಮೂರು ಹೇಳಿದ್ರು. ಬಾಯಿ ಬಿಟ್ಟ ಕೂಡಲೇ ಹೇಳಿದ್ದನ್ನು ಯಾರಾದರೂ ಒಪ್ಪುತ್ತಾರಾ? ಕಡಿಮೆ ಮಾಡುತ್ತಾರೆ ಅಂತ ಅಂದಾಜು ಇಟ್ಟೇ ಹೇಳುವುದು. ನಾನು ಅರ್ಧಕ್ಕೆ ನಿಲ್ಲಿಸಿದೆ. ಅದೂ ಅವರ ಮರ್ಯಾದೆಗೆ."

ಜೀವನವಿಡೀ ಅವಳು ಕೇಳಿದ ಮೊದಲ ದರ ಎಂದೂ ನಿಜವಾದ ದರವಾಗಿರಲಿಲ್ಲ. ಮುಂಜಾನೆಯ ಏಲಂನಲ್ಲಿ ಬುಟ್ಟಿ ಕೂಗುವವನ ಮಾತೂ ಅಲ್ಲ, ಅವಳೇ ಗಿರಾಕಿಗೆ ಹೇಳುತ್ತಿದ್ದ ಮಾತೂ ಅಲ್ಲ. ನಿಜ ಎಂಬುದು ಇಬ್ಬರೂ ಎಳೆದಾಡಿದ ಮೇಲೆ ನಡುವೆ ಎಲ್ಲೋ ಸಿಗುವಂಥದ್ದು. ಅವಳ ಲೆಕ್ಕದಲ್ಲಿ ವೈದ್ಯೆಯೂ ಒಬ್ಬ ಮಾರುವವಳು. ಅಷ್ಟು ಬೇಗ ತಲೆಯಾಡಿಸಿದ್ದು ಯಾಕೆಂದು ಆಗ ತಿಳಿಯಿತು. ಎದುರೆದುರು ವಾದ ಮಾಡದೆ ಮನೆಯಲ್ಲಿ ತಾನೇ ದರ ಇಳಿಸಿಕೊಂಡಿದ್ದಳು.

ಮಳೆ ಕಳೆದು ಅವಳು ಮತ್ತೆ ಮಾರುಕಟ್ಟೆಗೆ ಹೋದಳು. ಬೇಡವೆಂದೆ, ಕೇಳಲಿಲ್ಲ. ಒಂದು ರಜೆಯ ದಿನ ನಾನೂ ಹೋಗಿ ಹಿಂದೆ ನಿಂತೆ. ಗಿರಾಕಿಯೊಬ್ಬ ಕಾಣೆ ಮೀನಿಗೆ ನಾಚಿಕೆಯಾಗುವಷ್ಟು ಕಡಿಮೆ ಕೇಳಿದ. ಅಮ್ಮ ಅವನನ್ನೇ ನೋಡಿದಳು, ತುಟಿ ಅಲುಗಿತು, ಲೆಕ್ಕ ಕೂಡಲಿಲ್ಲ. ಆಯ್ತು, ತಗೊಳ್ಳಿ ಎಂದಳು. ಆ ಗಿರಾಕಿಗೇ ಗಾಬರಿಯಾಗಿ ಸ್ವಲ್ಪ ಹೆಚ್ಚು ಕೊಟ್ಟು ಹೋದ. ಪಕ್ಕದ ಬುಟ್ಟಿಯವಳು ನನ್ನ ಕಡೆ ನೋಡದೆ, ಈಗೀಗ ಹೀಗೇ ಎಂದಳು.

ಅಂದು ಮನೆಯಲ್ಲಿ ಮೂರು ಇಡೀ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ಅವಳ ಮುಂದೆ ಕೂತೆ. ಅಮ್ಮ ಅವನ್ನು ಬೆರಳಿನಿಂದ ಸರಿಸಿ ನೋಡಿದಳು.

"ಇದನ್ನೆಲ್ಲ ಇಡೀ ನುಂಗಿದರೆ ಮತ್ತೆ ಬರುವುದಿಲ್ಲ ಅಲ್ವಾ? ಅದನ್ನು ಹೇಳು. ನೀನು ಹೇಳು, ಡಾಕ್ಟ್ರು ಬೇಡ."

ವೈದ್ಯೆ ಹಾಗೆ ಹೇಳಿರಲಿಲ್ಲ. ಕಡಿಮೆಯಾಗುತ್ತದೆ ಎಂದಿದ್ದರು, ತುಂಬ ಕಡಿಮೆಯಾಗುತ್ತದೆ ಎಂದೂ ಹೇಳಿದ್ದರು. ಬರುವುದೇ ಇಲ್ಲ ಎಂದು ಯಾರೂ ಹೇಳಲಾರರು ಎಂದು ಸೇರಿಸಿದ್ದರು. ನಿಜ ಹೇಳಿದರೆ ಅವಳಿಗೆ ಅದು ಚೌಕಾಸಿಗೆ ಬಿಟ್ಟ ಜಾಗದಂತೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಮಾತ್ರೆ ತುಂಡರಿಸಿದ ಕತ್ತಿ ಅಡುಗೆಮನೆಯಲ್ಲೇ ಇತ್ತು.

"ಬರುವುದಿಲ್ಲ," ಎಂದೆ.

ಅಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಚೆ ಬದಿಯಲ್ಲಿ ಇದೇ ಮೀನು ಕಡಿಮೆಗೆ ಸಿಗುತ್ತದೆ ಎಂದು ಸುಳ್ಳು ಹೇಳುವ ಗಿರಾಕಿಯನ್ನು ಅವಳು ನೋಡುತ್ತಿದ್ದದ್ದು ಹೀಗೆಯೇ. ಆಮೇಲೆ ನೀರು ಕೇಳಿದಳು, ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು.