ಸುಲಿಯುವ ಕೆಲಸಕ್ಕೆ ಸೊನ್ನೆ

ಕೊಟ್ಟಿಗೆಯ ಸಗಣಿ ಬಾಚುವುದು, ಬಾಗಿಲಿಗೆ ನೀರು ಹಾಕುವುದು, ಸೇದೋ ಬಾವಿಯಿಂದ ಎಂಟು ಬಿಂದಿಗೆ, ಅತ್ತೆಗೆ ಬಿಸಿನೀರು, ಮುದ್ದೆಗೆ ಎಸರು. ಇಷ್ಟು ಮುಗಿಸಿ ಈರಕ್ಕ ಕಡ್ಲೆಕಾಯಿ ಮಂಕರಿಯ ಮುಂದೆ ಕೂತಾಗಲೂ ಬೆಳಕು ಹರಿದಿರಲಿಲ್ಲ. ಬಿತ್ತನೆಯ ಕಾಯನ್ನು ಕೈಯಲ್ಲೇ ಸುಲಿಯಬೇಕು. ಬಡಿದರೆ ಬೀಜ ಒಡೆಯುತ್ತದೆ. ಹದಿನೈದು ದಿನಕ್ಕೆ ಅವಳ ಹೆಬ್ಬೆರಳ ಚರ್ಮ ಕಿತ್ತುಬಂದಿತ್ತು. ಎದುರಿಗೆ ಮಗಳು ಕ್ಯಾತಮ್ಮ. ಮೂರನೇ ಕ್ಲಾಸು, ಮುಂಗಾರು ಬಂತೆಂದರೆ ಅವಳಿಗೆ ಸ್ಕೂಲಿಲ್ಲ.

ಬೀಜ ಒಡೆಯದಂತೆ ಸುಲಿಯುವ ಕೈಯಂತ್ರವೊಂದನ್ನು ಆ ವರ್ಷ, ಎಂಬತ್ತಮೂರರಲ್ಲಿ, ಕೃಷಿ ಸಂಶೋಧನೆಯವರು ಮಾಡಿದ್ದರು. ಈರಕ್ಕನ ತಾಲ್ಲೂಕಾದ ಪಾವಗಡಕ್ಕೆ ಕೊಟ್ಟರೆ ಹೆಚ್ಚು ಶ್ರಮ ಉಳಿದೀತೋ ಶಿರಾಕ್ಕೆ ಕೊಟ್ಟರೋ ಎಂದು ಬೆಂಗಳೂರಿನ ಅರ್ಥಶಾಸ್ತ್ರದವರು ಲೆಕ್ಕದ ಮಾದರಿ ಕಟ್ಟುತ್ತಿದ್ದರು. ಅದಕ್ಕೆ ಅಂಕಿ ಒದಗಿಸುವ ಜಯರಾಮಯ್ಯ ವಾರಕ್ಕೊಮ್ಮೆ ಫಾರಂ ಹಿಡಿದು ಬರುತ್ತಿದ್ದ. ಅಂದೂ ಬಂದ.

“ಸುಲಿಯೋಕೆ ಎಷ್ಟು ಆಳು ಯತ್ತಪ್ಪ?”

ಈರಕ್ಕನ ಗಂಡ ಯತ್ತಪ್ಪ ನಕ್ಕ. “ಆಳ್ಯಾಕೆ ಸ್ವಾಮಿ? ಹೆಂಗಸ್ರು ಮನೇಲಿ ಸುಮ್ಕೆ ಕುಂತಿರ್ತಾರಲ್ಲ!”

ಜಯರಾಮಯ್ಯ ಸೊನ್ನೆ ಸುತ್ತಿದ.

“ನಾವಿಬ್ರು ಕಾಣಾಕಿಲ್ವಾ ಸ್ವಾಮಿ?” ಎಂದಳು ಈರಕ್ಕ.

“ಕೂಲಿ ಕೊಟ್ಟಿದ್ರೆ ಬರ್ಕೊಳ್ಳೋದು ಕಣಮ್ಮ. ಈ ಊರಲ್ಲಿ ಎಲ್ಲಾ ಮನೇದೂ ಸೊನ್ನೆನೇ. ಒಂದಾದ್ರೂ ಅಂಕಿ ಇದ್ರೆ ಮೇಲಿನೋರನ್ನ ಕೇಳ್ಬೋದಿತ್ತು. ನಾಡಿದ್ದು ಇನ್ನೊಂದ್ಸಲ ಬರ್ತೀನಿ, ಅದೇ ಕೊನೇ ಫಾರಂ. ಆಮೇಲೆ ಯಂತ್ರ ಶಿರಾಕ್ಕೇ.”

“ಬಾಯಿ ಮುಚ್ಕೊಂಡು ಸುಲಿಯೇ. ಬಿತ್ತೋಕೆ ಹದ ಇರೋದು ಇನ್ನೆರಡೇ ದಿನ,” ಎಂದ ಯತ್ತಪ್ಪ.

ಈರಕ್ಕ ಪಕ್ಕದ ಮನೆಯ ಪುಟ್ಟಕ್ಕನ ಹತ್ತಿರ ಓಡಿದಳು. “ನಿಮ್ಮನೇದು ನಾನು ಸುಲೀತೀನಿ, ನಮ್ಮನೇದು ನೀನು. ಕೂಲಿ ಅಂತ ಬರ್ಸಾನ.”

“ಗಂಡನ ಮನೆ ಬೀಜ ಬುಟ್ಟು ಕೂಲಿಗೋದ್ರೆ ಸೊಂಟ ಮುರೀತಾರೆ ಕಣೇ! ನಿಂಗೇನು ಹುಚ್ಚಾ?”

ಕೇಳಿದ ನಾಲ್ಕು ಮನೆಯಲ್ಲೂ ಅದೇ ಮಾತು. ತಿರುಗಿ ಬಂದಾಗ ಮಗಳು ಬೆರಳು ಚೀಪುತ್ತಿದ್ದಳು. ಈರಕ್ಕ ಬಿಡಿಸಿ ನೋಡಿದಳು: ಮಗಳ ಹೆಬ್ಬೆರಳೂ ಸೀಳಿತ್ತು.

ಮಾರನೆಯ ಬೆಳಿಗ್ಗೆ ಈರಕ್ಕ ಸಗಣಿ ಬಾಚಿದಳು, ನೀರು ತಂದಳು, ಮುದ್ದೆ ಕಟ್ಟಿಟ್ಟಳು. ಮಂಕರಿಯ ಮುಂದೆ ಮಾತ್ರ ಕೂರಲಿಲ್ಲ. ಮಗಳ ಕೈಗೆ ಸ್ಲೇಟು ಕೊಟ್ಟು ಸ್ಕೂಲಿನ ದಾರಿಗೆ ಬಿಟ್ಟಳು. ಸುಲಿಯದ ಕಾಯಿಯನ್ನು ಯತ್ತಪ್ಪ ಮಲಗಿದ್ದ ಮಂಚದ ಪಕ್ಕಕ್ಕೆ ಎಳೆದಿಟ್ಟಳು. ಹದ ಹೋಗುವುದರೊಳಗೆ ಅವನು ಕೂಲಿ ಕೊಟ್ಟು ಆಳು ಹಿಡಿಯಲೇಬೇಕು, ಆಗ ಫಾರಂನಲ್ಲಿ ಸೊನ್ನೆ ನಿಲ್ಲುವುದಿಲ್ಲ. ಸಂಜೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ವೈ.ಎನ್.ಹೊಸಕೋಟೆಗೆ ಒಬ್ಬಳೇ ನಡೆದು, ವ್ಯಾಪಾರಿ ದೊಡ್ಡರಂಗಪ್ಪನ ಕಡ್ಲೆಕಾಯಿ ಮಂಡಿಯಲ್ಲಿ ಕಾಯಿ ಸುಲಿಯುವ ಕೂಲಿ ಹೆಂಗಸರ ಸಾಲಿನ ತುದಿಯಲ್ಲಿ ಕೂತಳು.

“ಯಾರಮ್ಮ ನೀನು? ಹೆಸರು?” ಎಂದ ಮೇಸ್ತ್ರಿ, ಕೂಲಿ ಲೆಕ್ಕದ ಪುಸ್ತಕ ತೆರೆದು.

“ಈರಕ್ಕ. ಬರ್ಕೊಳ್ಳಿ,” ಎಂದಳು.